ಷರಾ ಬರೆಯುವ ಜಾಗ

ಚಿಕ್ಕಮ್ಮ ಹೊಲಿಗೆ ಮೆಷಿನ್‌ನಿಂದ ತಲೆ ಎತ್ತಲಿಲ್ಲ. "ಬಾರಮ್ಮ, ಎಲ್ಲರ ಕೈಲೂ ಹೌದು ಅನ್ನಿಸ್ಕೊಂಡು ಹೋದವಳೇ" ಎಂದಳು.

ನಗರಸಭೆ ಮನೆಮನೆಗೆ ಹಂಚಿದ ಕರಡು ವರದಿ ಅವಳ ಪಕ್ಕದಲ್ಲಿ ಬಿದ್ದಿತ್ತು. ಹವಾಮಾನ ಯೋಜನೆಗೆ ನಮ್ಮ ಓಣಿಯಲ್ಲಿ ನೂರಕ್ಕೆ ನೂರು ಒಪ್ಪಿಗೆಯಂತೆ.

ನಾನು ನೀರಿನ ಮೀಟರ್ ಓದುವವಳು. ಹದಿನಾಲ್ಕು ವರ್ಷದಿಂದ ಊರಿನ ಪ್ರತಿ ಬಾಗಿಲೂ ಗೊತ್ತು, ಯಾವ ಮನೆಯ ನಾಯಿ ಬೊಗಳದೆ ಕಚ್ಚುತ್ತದೆ ಎನ್ನುವುದೂ ಗೊತ್ತು. ಅದಕ್ಕೇ ಜನರ ಅಭಿಪ್ರಾಯ ತರುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. ಫಾರಂನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಊರು ತಂಪಾಗಿ, ಮಳೆಗೆ ಮುಳುಗದಂತಿರಬೇಕೇ? ಬೇಡ ಎನ್ನುವವರು ಯಾರು? ಹೌದು ಎಂದು ಗುರುತು ಹಾಕಿದೆ. ಜನ ನಿಜವಾಗಿ ಹೇಳಿದ್ದನ್ನು ಕೊನೆಯ ಷರಾ ಕಾಲಂನಲ್ಲಿ ಬರೆದೆ. ಯೋಜನೆಯಲ್ಲಿರುವಂತೆ ಪೇಟೆಬೀದಿಯ ಮಳೆನೀರನ್ನು ನಮ್ಮ ಓಣಿಯ ಹಿಂದಿನ ಬಯಲಿಗೆ ತಿರುಗಿಸಬೇಡಿ, ಬಯಲಿಗಿಂತ ನಮ್ಮ ಮನೆಗಳೇ ತಗ್ಗಿನಲ್ಲಿವೆ ಎಂದು.

ನಾನು ಎಡವಿದ್ದು ಅಲ್ಲೇ. ನೀರಿನ ಕಚೇರಿಯಲ್ಲಿ ಅಂಕಿಗಿಂತ ಷರಾವನ್ನೇ ಮೊದಲು ನೋಡುತ್ತಾರೆ. "ಗಾಜು ಒಡೆದಿದೆ" ಎಂದು ಬರೆದರೆ ಮಾರನೇ ದಿನ ಮೆಕ್ಯಾನಿಕ್ ಬರುತ್ತಾನೆ. ಎಲ್ಲ ಕಚೇರಿಯೂ ಹಾಗೇ ಎಂದುಕೊಂಡಿದ್ದೆ.

"ನಾಲ್ಕು ಬೆರಳು ನೀರು ಒಳಗೆ ಬಂದ್ರೂ ಇದರ ಬುಡದಲ್ಲಿರೋ ಮೋಟಾರ್ ಹೋಯ್ತು," ಎಂದು ಚಿಕ್ಕಮ್ಮ ಮೆಷಿನ್ ಮೇಲೆ ಕೈಯಿಟ್ಟಳು. "ಮೋಟಾರ್ ಹೋದ್ರೆ ನನ್ನ ಅನ್ನ ಹೋಯ್ತು. ನೀನು ನಮ್ಮವಳು ಅಂತ ಬಾಯಿಬಿಟ್ಟು ಹೇಳಿದ್ವಿ ನೋಡು."

ಆ ಮಾತು ಚುಚ್ಚಿತು. ನೇರವಾಗಿ ಯೋಜನಾಧಿಕಾರಿಯ ಕೋಣೆಗೆ ಹೋದೆ.

"ಬನ್ನಿ ಮೇಡಂ, ನಿಮ್ಮನ್ನೇ ಕಾಯ್ತಿದ್ದೆ. ನಾಳೆ ಸಭೆ. ಇಲ್ಲೊಂದು ಸಹಿ ಹಾಕಿಬಿಡಿ," ಎಂದು ಅವರು ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ಹೀಗಿತ್ತು: ಓಣಿಯವರ ಅಭಿಪ್ರಾಯವನ್ನು ಯಥಾವತ್ತಾಗಿ ದಾಖಲಿಸಲಾಗಿದೆ, ಸಂಗ್ರಹಿಸಿದವರ ಸಹಿ.

"ಷರಾ ಎಲ್ಲಿ ಸರ್?"

"ಕಂಪ್ಯೂಟರ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಹೌದು, ಇಲ್ಲ, ಅಷ್ಟೇ ತಗೊಳ್ಳೋದು."

ಚೀಲದಿಂದ ನನ್ನ ಮೀಟರ್ ಪುಸ್ತಕ ತೆಗೆದು ತೋರಿಸಿದೆ. ಪ್ರತಿ ಮಳೆಗಾಲವೂ ನಮ್ಮ ಓಣಿಯ ಮನೆಗಳ ಮುಂದೆ ಒಂದೇ ಷರಾ: ಮೀಟರ್ ಗುಂಡಿಯಲ್ಲಿ ನೀರು ನಿಂತಿದೆ, ಓದಲಾಗಲಿಲ್ಲ. "ನೀವು ತಿರುಗಿಸೋ ಮೊದಲೇ ಹೀಗಿದೆ ಸರ್. ತಿರುಗಿಸಿದ ಮೇಲೆ?"

"ಇದು ನೀರಿನ ವಿಭಾಗದ್ದು ಮೇಡಂ. ನಮಗೆ ಸಂಬಂಧ ಬರಲ್ಲ."

"ನೀರು ಬರುತ್ತಲ್ಲ ಸರ್, ವಿಭಾಗ ಕೇಳ್ಕೊಂಡಾ ಬರುತ್ತೆ?"

ಅವರು ನಕ್ಕು ಪೆನ್ನು ಮುಂದೆ ಚಾಚಿದರು. ಆಗಲೇ ಮೂಲೆಯತ್ತ ನನ್ನ ಕಣ್ಣು ಹೋಯಿತು. ಗೋಡೆಯ ಎಸಿ ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಬಕೆಟ್. ಬಕೆಟ್ಟಿನ ಅಡಿಯಲ್ಲಿ, ನಾನೇ ದಾರ ಸುತ್ತಿದ್ದ ನಮ್ಮ ಓಣಿಯ ಫಾರಂ ಕಟ್ಟು.

ಮೈ ಉರಿದುಹೋಯಿತು. ಬಿಸಿಲಲ್ಲಿ ಹನ್ನೊಂದು ದಿನ ಮೆಟ್ಟಿಲು ಹತ್ತಿ ಇಳಿದು ಬರೆದದ್ದು ಅದು. ಪೆನ್ನು ತೆಗೆದುಕೊಂಡು ಸಹಿಯ ಜಾಗದಲ್ಲಿ ದೊಡ್ಡದಾಗಿ ಷರಾ ಬರೆದೆ: ಅಭಿಪ್ರಾಯ ಓದಿಲ್ಲ. ಮತ್ತೆ ಓದಬೇಕು. ಅದರ ಕೆಳಗೆ ಸಹಿ ಹಾಕಿದೆ.

"ಏನ್ ಮಾಡಿದ್ರಿ ಮೇಡಂ ಇದು, ಇದನ್ನ ಸಭೆಯಲ್ಲಿ ಹೇಗಿಡ್ಲಿ?"

"ಇಡೋಕೆ ಮುಂಚೆ ಓದಿ."

ಬಕೆಟ್ ಎತ್ತಿ ಪಕ್ಕಕ್ಕಿಟ್ಟೆ. ಒದ್ದೆ ಕಟ್ಟನ್ನು ಅವರ ಮೇಜಿನ ನಡುವೆ ಇಟ್ಟು ದಾರ ಬಿಚ್ಚಿ, ಎದುರಿನ ಕುರ್ಚಿಯಲ್ಲಿ ಕೂತೆ. ಎಸಿ ಈಗ ನೆಲಕ್ಕೇ ತೊಟ್ಟಿಕ್ಕತೊಡಗಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಸಹಿಯನ್ನು ನೋಡಿದರು. ಕೊನೆಗೆ ಕನ್ನಡಕ ಏರಿಸಿ ಮೇಲಿನ ಫಾರಂ ಎತ್ತಿಕೊಂಡರು. ಚಿಕ್ಕಮ್ಮನದು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೆ.

"ಜೋರಾಗಿ ಓದಿ ಸರ್."

"ನೀರು ಬಂದ್ರೆ ನಾನು ಮಂಚ ಹತ್ತಿ ಕೂರ್ತೀನಿ," ಅವರು ಗಂಟಲು ಸರಿಮಾಡಿಕೊಂಡರು, "ಮೆಷಿನ್ನ ಎಲ್ಲಿ ಕೂರಿಸ್ಲಿ, ಆ ಅಧಿಕಾರಿ ತಲೆ ಮೇಲಾ."

"ಮುಂದಿನದು," ಎಂದೆ.