ಹಿಂಗಾಲಿನ ಕೆಂಪು

ಶನಿವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕೋದಂಡರಾಮಯ್ಯ ಮಗಳ ಟಿಪ್ಪಣಿ ಪುಸ್ತಕ ಹಿಡಿದು ದೊಡ್ಡಬಳ್ಳಾಪುರದ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಬಂದರು. ಮಗಳು ವಾಣಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಡೆಂಗ್ಯೂ, ಆಸ್ಪತ್ರೆಯಲ್ಲಿ ಐದು ದಿನ. ಅವಳಿಗೆ ಇಪ್ಪತ್ತೆರಡು ವರ್ಷ.

ಅವಳು ಬಿಟ್ಟುಹೋದದ್ದರಲ್ಲಿ ಒಂದು ಕಣಜವಿತ್ತು. ಆರು ಮಿಲಿಮೀಟರ್ ಉದ್ದ, ಕಪ್ಪು ಮೈ, ಊದಿಕೊಂಡಂತಿದ್ದ ಹಿಂಗಾಲಿನ ತೊಡೆ. ರಾಜಘಟ್ಟದ ಹಿಪ್ಪುನೇರಳೆ ತೋಟದಿಂದ ಎಲೆ ಸುತ್ತುವ ಹುಳುವಿನ ಕೋಶವೊಂದನ್ನು ತಂದು ಡಬ್ಬಿಯಲ್ಲಿಟ್ಟಿದ್ದಳು. ಒಂಬತ್ತನೆಯ ದಿನ ಅದರೊಳಗಿಂದ ಪತಂಗದ ಬದಲು ಈ ಕಣಜ ಬಂತು. ಇದರ ಜಾತಿಯವು ಬೇರೆ ಹುಳುವಿನ ಕೋಶದೊಳಗೆ ಮೊಟ್ಟೆಯಿಡುತ್ತವೆ. ಮರಿ ಆ ಹುಳುವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ.

ಈ ಕಡೆ ಎಲ್ಲೆಲ್ಲೂ ಸಿಗುವ ಇಂಥ ಕಣಜದ ಹೆಸರು ಬ್ರಾಕಿಮೇರಿಯ ಲಾಸಸ್. ಅದಕ್ಕೆ ತೊಡೆಯ ತುದಿ, ಕಣಕಾಲು ಮತ್ತು ರೆಕ್ಕೆಯ ಬುಡದ ಬಿಲ್ಲೆ ಹಳದಿ. ವಾಣಿಯ ಕಣಜಕ್ಕೆ ಈ ಮೂರೂ ಕೆಂಪು. ಅವಳ ಅಧ್ಯಾಪಕಿ ಸಂಘಮಿತ್ರ ಎಂಟು ತಿಂಗಳು ಹುಡುಕಿದರೂ ಅಂಥದ್ದು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಹೊಸ ಜಾತಿಯೆಂದು ಆರು ಪುಟ ಬರೆದು, ವಾಣಿಯ ಹೆಸರನ್ನೇ ಅದಕ್ಕಿಟ್ಟು, ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಕಣಜ ಹಿಡಿದ ವಿವರ ಬೇಕೆಂದು ಪತ್ರಿಕೆಯವರು ಕೇಳಿದ್ದರು. ಟಿಪ್ಪಣಿ ಪುಸ್ತಕ ಬಂದದ್ದು ಅದಕ್ಕೆ.

"ನಮ್ಮನೆಯವ್ಳು ಬೀದಿಗೆಲ್ಲ ಹೇಳ್ಬಿಟ್ಟವ್ಳೆ ಮೇಡಂ," ಎಂದರು ಕೋದಂಡರಾಮಯ್ಯ. "ಪಕ್ಕದ್ಮನೆ ಪಿಳ್ಳಪ್ಪ ಕೇಳ್ತಾನೆ, ಏನಯ್ಯಾ, ಮಗಳ ಹೆಸ್ರು ಕಡಜಕ್ಕೆ ಇಡ್ತೀಯಾ ಅಂತ. ಇವ್ಳು ಬಿಡ್ತಾಳಾ? ನಿನ್ ಹೆಸ್ರು ಇಡಕ್ಕೆ ಸೊಳ್ಳೇನೂ ಒಪ್ಪಲ್ಲ ಹೋಗಯ್ಯಾ ಅಂದ್ಲು."

ಸಂಘಮಿತ್ರ ನಕ್ಕರು. ವಾಣಿ ಪುಟ್ಟ ಕಾರ್ಡಿಗೆ ಗೋಂದಿನಿಂದ ಅಂಟಿಸಿದ್ದ ಕಣಜವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರಿಗೆ ಜಾಗ ಬಿಟ್ಟರು.

"ಅಬ್ಬಾ, ತೊಡೆ ನೋಡಿ. ಪೈಲ್ವಾನ್ ಥರ ಐತೆ."

ಪುಸ್ತಕದಲ್ಲಿ ವಾಣಿಯ ಅಕ್ಷರ ದುಂಡಗಿತ್ತು. ಸಂಘಮಿತ್ರ ಊರು, ಗಿಡ, ದಿನಾಂಕಗಳನ್ನು ಗುರುತು ಹಾಕಿಕೊಂಡರು. ಪುಟ ತಿರುಗಿಸಿದವರು ಅಲ್ಲೇ ನಿಂತರು. ಹಿಂದೆ ಅವರು ನೋಡಿದ್ದು ಡಬ್ಬಿಯ ಮೇಲಿನ ಚೀಟಿಯನ್ನು ಮಾತ್ರ, ಪುಸ್ತಕವನ್ನು ತರಿಸಿಕೊಂಡಿರಲಿಲ್ಲ.

"ಏನ್ ಬರ್ದವ್ಳೆ?" ಎಂದರು ಕೋದಂಡರಾಮಯ್ಯ.

ಸಂಘಮಿತ್ರ ಸಾಲೊಂದರ ಮೇಲೆ ಬೆರಳಿಟ್ಟರು. ಕೋದಂಡರಾಮಯ್ಯ ಪುಸ್ತಕ ಎಳೆದುಕೊಂಡು ಕನ್ನಡಕ ಸರಿಮಾಡಿ ಓದಿದರು: 'ಅಣ್ಣನ ನಿಶ್ಚಿತಾರ್ಥದ ಗಡಿಬಿಡಿಯಲ್ಲಿ ಜಾರ್‌ನಿಂದ ತೆಗೆಯಲು ಮರೆತೆ. ಮೂರು ದಿನ ಅಲ್ಲೇ ಇತ್ತು. ಮೇಡಂ ಬೈತಾರೆ.'

"ಸಂತೋಷನ ನಿಶ್ಚಿತಾರ್ಥ. ಹೂ ಕಟ್ಟೋದ್ರಿಂದ ಹಿಡ್ದು ಎಲ್ಲ ಇವ್ಳೇ ಮಾಡಿದ್ಲು," ಎಂದರು. ಆಮೇಲೆ, "ಯಾವ್ ಜಾರು?"

"ಹುಳ ಸಾಯಿಸೋ ಜಾರ್ ಸರ್. ಕಾಲೇಜಿನ ಹಳೇದು. ಅರ್ಧ ಗಂಟೇಲಿ ತೆಗೀಬೇಕು."

"ಅದ್ರೊಳಗೇನಿರತ್ತೆ?"

"ಸಯನೈಡ್."

ಕೋದಂಡರಾಮಯ್ಯ ನಲವತ್ತು ವರ್ಷ ರೇಷ್ಮೆ ನೂಲಿಗೆ ಬಣ್ಣ ಹಾಕಿದವರು. ಹಳದಿ ಕಾಲಿನದೂ ಒಂದಿದ್ದರೆ ಪಕ್ಕದಲ್ಲಿಡಿ ಎಂದರು. ಸಂಘಮಿತ್ರ ಪೆಟ್ಟಿಗೆಯಿಂದ ಒಂದು ಲಾಸಸ್ ತಂದಿಟ್ಟರು. ಕೋದಂಡರಾಮಯ್ಯ ಒಂದರಿಂದ ಇನ್ನೊಂದಕ್ಕೆ ಕಣ್ಣು ಸರಿಸುತ್ತ ನಾಲ್ಕೈದು ನಿಮಿಷ ನೋಡಿದರು.

"ಡಿಸೈನ್ ಒಂದೇ ಮೇಡಂ. ಅಂಚು ನಿಂತಿರೋ ಜಾಗಾನೂ ಒಂದೇ. ಅಲ್ಲಿ ಹಳದಿ ಇರೋ ಕಡೆಯೆಲ್ಲ ಇಲ್ಲಿ ಕೆಂಪೈತೆ, ಒಂದ್ ಕೂದಲೆಳೆ ಆಚೆ ಈಚೆ ಇಲ್ಲ. ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವಾ? ಇದು ಹುಟ್ಟಿದ್ ಬಣ್ಣ ಅಲ್ಲ, ತಿರುಗಿರೋ ಬಣ್ಣ."

ಸಂಘಮಿತ್ರರಿಗೆ ಅದು ಗೊತ್ತಿತ್ತು. ಸಯನೈಡಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಣಜಗಳ ಹಳದಿ ಕೆಂಪಾಗುವುದನ್ನು ಅವರೇ ತರಗತಿಯಲ್ಲಿ ಪಾಠ ಮಾಡಿದ್ದರು; ಇದು ಮೂರು ದಿನ ಜಾರ್‌ನಲ್ಲಿತ್ತೆಂದು ಮಾತ್ರ ತಿಳಿದಿರಲಿಲ್ಲ.

"ಇನ್ನೊಂದು ಗುರುತಿದೆ ಸರ್," ಎಂದರು. "ಹಿಂಗಾಲು ಮೈಗೆ ಸೇರೋ ಗೆಣ್ಣಿನ ಒಳಗಡೆ, ಲಾಸಸ್ ಹೆಣ್ಣಿಗೆ ಹಲ್ಲಿನಂಥ ಒಂದು ಸಣ್ಣ ಮೊನೆ ಇರತ್ತೆ. ಇದೂ ಹೆಣ್ಣೇ, ಆ ಹಲ್ಲು ಇದ್ರೆ ಇದು ಲಾಸಸ್ಸೇ, ಹೊಸ ಜಾತಿ ಅಲ್ಲ. ಆದ್ರೆ ಆ ಜಾಗ ಗೋಂದಿನೊಳಗೆ ಮುಚ್ಚಿಹೋಗಿದೆ. ಬಿಡಿಸಿದ್ರೆ ವಾಣಿ ಅಂಟಿಸಿದ ಹಾಗೆ ಉಳಿಯಲ್ಲ. ಅದಕ್ಕೇ ನಾನು ಮುಟ್ಟಿರ್ಲಿಲ್ಲ."

"ಬಿಡಿಸ್ದೇ ಹೋದ್ರೆ?"

"ಯಾರಿಗೂ ಗೊತ್ತಾಗಲ್ಲ. ಹೆಸ್ರು ಅಚ್ಚಾಗತ್ತೆ."

ಹೊರಗೆ ಯಾರೋ ಬೈಕ್ ಚಾಲೂ ಮಾಡಲು ಒದೆಯುತ್ತಿದ್ದರು. ಅದು ಚಾಲೂ ಆಗಿ ಹೋಯಿತು. ಕೋದಂಡರಾಮಯ್ಯ ಮಗಳ ಪುಸ್ತಕ ಮುಚ್ಚಿದರು.

"ಇನ್ನೊಬ್ಬ ಯಾವನೋ ಹತ್ತು ವರ್ಷ ಬಿಟ್ಟು ನೋಡ್ತಾನೆ. ಈ ವಾಣಿ ಅನ್ನೋಳಿಗೆ ಏನೂ ಗೊತ್ತಿರ್ಲಿಲ್ಲ ಅಂತಾನೆ. ಬಿಡ್ಸಿ ಮೇಡಂ."

ಸಂಘಮಿತ್ರ ಬೆಚ್ಚನೆಯ ನೀರನ್ನು ಕುಂಚದ ತುದಿಯಿಂದ ಹನಿಹನಿಯಾಗಿ ಗೋಂದಿಗೆ ತಾಗಿಸಿದರು. ಇಪ್ಪತ್ತು ನಿಮಿಷ ಹಿಡಿಯಿತು. ಕಣಜ ಸಡಿಲವಾಗಿ ಕಾರ್ಡಿನಿಂದ ಜಾರಿತು. ಎಡ ಮೀಸೆಯ ತುದಿ ಮುರಿದು ಗೋಂದಿನಲ್ಲೇ ಉಳಿಯಿತು. ಸಂಘಮಿತ್ರ ಕಣಜವನ್ನು ಮಗುಚಿ, ಬೆಳಕು ಹೆಚ್ಚಿಸಿ ನೋಡಿದರು.

"ಇದೆ ಸರ್," ಎಂದರು. "ಹಲ್ಲಿದೆ."

ಕೋದಂಡರಾಮಯ್ಯ ತಾವು ನೋಡಬೇಕೆನ್ನಲಿಲ್ಲ. ಖಾಲಿ ಕಾರ್ಡನ್ನು ಕೈಗೆತ್ತಿಕೊಂಡರು. ಗೋಂದು ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಹೆಂಡತಿ ನಾಗಲಕ್ಷ್ಮಮ್ಮ.

"ಏನ್ರೀ, ಆಯ್ತಾ? ಯಾವತ್ತು ಬರತ್ತಂತೆ ಹೆಸ್ರು?"

"ಬಂದೆ ಇರೇ. ಮನೆಗ್ ಬಂದು ಹೇಳ್ತೀನಿ."

"ಈಗ್ಲೇ ಹೇಳ್ಬಾರ್ದೇನ್ರೀ? ಪಾಯಸಕ್ಕೆ ಶಾವಿಗೆ ಹುರ್ಕೊಂಡು ಕೂತಿದೀನಿ."

"ಬಂದೆ ಅಂದ್ನಲ್ಲ."

ಫೋನ್ ಜೇಬಿಗಿಟ್ಟು, ಕಾರ್ಡನ್ನು ತಾವು ಒಯ್ಯಬಹುದೇ ಎಂದು ಕೇಳಿದರು. ಒಯ್ಯಿರಿ ಎಂದರು ಸಂಘಮಿತ್ರ. ಕೋದಂಡರಾಮಯ್ಯ ಅದನ್ನು ಒಣಗುವವರೆಗೆ ಅಂಗೈಯಲ್ಲೇ ಹಿಡಿದು ಕೂತಿದ್ದು, ಮೂರೂ ಮುಕ್ಕಾಲಿಗೆ ಎದ್ದುಹೋದರು.

ಸೋಮವಾರ ಬೆಳಿಗ್ಗೆ ಸಂಘಮಿತ್ರ ಲೇಖನ ಹಿಂತೆಗೆದುಕೊಳ್ಳುವುದಾಗಿ ಪತ್ರಿಕೆಗೆ ಬರೆದರು. ಕಣಜವನ್ನು ಹೊಸ ಕಾರ್ಡಿಗೆ ಅಂಟಿಸಿ, ಹಿಡಿದವರು ವಾಣಿ ಎಂದು ಚೀಟಿ ಬರೆದು, ಲಾಸಸ್ ಪೆಟ್ಟಿಗೆಗೆ ಸೇರಿಸಿದರು. ಅದರಲ್ಲಿ ಆಗಲೇ ನಲವತ್ತೊಂದು ಇದ್ದವು.