ಹತ್ತರಲ್ಲಿ ಎಷ್ಟು

ಎಂಟು. ಏಳೂವರೆ ಅನ್ನಬಹುದಿತ್ತೇನೋ, ಆದರೆ ಮುಕ್ಕಳಿಸಿದ ನೀರು ಒಸಡಿಗೆ ತಾಗಿದ್ದೇ ತಡ, ಕಣ್ಣಲ್ಲೂ ನೀರು ಬಂತು. ಎಂಟೇ.

ಕೆಳದವಡೆಯ ಬಲಗಡೆ, ಬಿದ್ದುಹೋದ ಹಲ್ಲಿನ ಜಾಗದಲ್ಲಿ, ದಂತವೈದ್ಯೆ ಮೂಳೆಗೆ ಲೋಹದ ತಿರುಪು ಕೂರಿಸಿ ಇವತ್ತಿಗೆ ಆರು ದಿನ. ಅದರ ಮೇಲೆ ಹಲ್ಲು ಬರುವುದು ಇನ್ನು ಮೂರು ತಿಂಗಳಿಗೆ. ಮೊದಲೆರಡು ದಿನ ನೋಯುತ್ತೆ, ಆಮೇಲೆ ಇಳಿಯುತ್ತೆ ಎಂದಿದ್ದಳು. ಇವನದು ಎರಡು ದಿನ ಸುಮ್ಮನಿದ್ದು ಮೂರನೆಯ ದಿನದಿಂದ ಏರತೊಡಗಿತ್ತು. ಹಲ್ಲು ಕಚ್ಚಿ ಸಹಿಸೋಣವೆಂದರೆ ಕಚ್ಚುವ ಜಾಗವೇ ಅದು.

ದಿನಾ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡಲು ವೈದ್ಯೆ ಒಂದು ಚೀಟಿ ಕೊಟ್ಟಿದ್ದಳು. ಅವನು ಪೆನ್ನು ತೆಗೆದು 'ನಾಲ್ಕು' ಎಂದು ಬರೆದ. ಸುಳ್ಳು ಬರೆದೆ ಅನ್ನಿಸಲಿಲ್ಲ. ಹದಿನೇಳು ವರ್ಷದ ಕೈರೂಢಿ.

"ಹೇಗಿದೆ?" ಬಾಗಿಲಲ್ಲಿ ಹೆಂಡತಿ.

"ಪರವಾಗಿಲ್ಲ."

"ಕೆನ್ನೆ ಊದಿದೆಯಲ್ರೀ."

"ಆ ಮಗ್ಗುಲಿಗೆ ಮಲಗಿದ್ದೆ."

"ನಿಮ್ಮನ್ನ ಕೇಳೋದೂ ಒಂದೇ, ಗೋಡೆನ ಕೇಳೋದೂ ಒಂದೇ," ಎಂದು ಅವಳು ಒಳಗೆ ಹೋದಳು. ಅದೂ ನಿಜವೇ.

ನೂಲಿನ ಕಾರ್ಖಾನೆಯಲ್ಲಿ ಅವನದು ಒಂದು ಸಣ್ಣ ಕೋಣೆ, ದೊಡ್ಡ ಮೇಜು. ಮೈ ನೋವಿಗೆ ಯಂತ್ರದ ಮುಂದೆ ನಿಲ್ಲಲಾಗದವರು ಕೂತು ಮಾಡುವ ಕೆಲಸ ಕೊಡಿ ಎಂದು ಅವನ ಹತ್ತಿರ ಬರಬೇಕು. ಹತ್ತರಲ್ಲಿ ಎಷ್ಟು ನೋವು ಎಂದು ಅವನು ಕೇಳುತ್ತಾನೆ. ಐದು ದಾಟಿದರೆ ಕುರ್ಚಿ, ಇಲ್ಲದಿದ್ದರೆ ಯಂತ್ರ. ಮನುಷ್ಯ ತನ್ನ ನೋವನ್ನು ದುಪ್ಪಟ್ಟು ಮಾಡಿಯೇ ಹೇಳುತ್ತಾನೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ಹೇಳಿದ್ದರಲ್ಲಿ ಅರ್ಧ ಬರೆದುಕೊಳ್ಳುತ್ತಿದ್ದ. ಹತ್ತು ಎಂದವರಿಗೂ ಐದೇ. ಕಾರ್ಮಿಕರು ಅವನನ್ನು ಅರ್ಧ ಸಾಹೇಬ ಎನ್ನುತ್ತಿದ್ದರು. ಅವನಿಗದು ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಇವತ್ತು ಬಂದವಳು ಐವತ್ತರ ಹೆಂಗಸು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ.

"ಎಷ್ಟಮ್ಮ?"

"ಒಂಬತ್ತು ಸಾರ್."

"ಒಂಬತ್ತು ಅಂದ್ರೆ ಮಾತಾಡೋಕೇ ಆಗಬಾರದು. ನೀವು ಮಾತಾಡ್ತಾ ಇದೀರಿ."

"ಮಾತಾಡದೆ ಇದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ ಸಾರ್?" ಎಂದವಳು ಅವನ ಕೆನ್ನೆ ನೋಡಿದಳು. "ಹಲ್ಲಾ? ಅಯ್ಯೋ, ಆ ನೋವು ಶತ್ರುವಿಗೂ ಬೇಡ."

ಎಂಟು ಕಣಮ್ಮ, ಎಂಟು, ಎಂದು ಈ ಹೆಂಗಸಿನ ಮುಂದೆ ಅತ್ತುಬಿಡಬೇಕು ಅನ್ನಿಸಿತು ಅವನಿಗೆ. ಕನ್ನಡಕ ಒರೆಸಿಕೊಂಡು 'ನಾಲ್ಕೂವರೆ' ಎಂದು ಬರೆದ. ಅವಳು ಯಂತ್ರಕ್ಕೆ ವಾಪಸು ಹೋದಳು.

ಸಂಜೆ ದಂತವೈದ್ಯೆ ಚೀಟಿ ನೋಡಿದಳು, ಬಾಯಿ ನೋಡಿದಳು, ಮತ್ತೆ ಚೀಟಿ ನೋಡಿದಳು.

"ಊತ ಇದೆ, ಒಸಡು ಕೆಂಪಾಗಿದೆ. ನೋವು ನಿಜವಾಗಿ ಎಷ್ಟು ಸರ್? ಐದು ದಾಟಿದ್ರೆ ಇವತ್ತೇ ಬಿಚ್ಚಿ ತೊಳೀತೀನಿ, ಉಳಿಯುತ್ತೆ. ಬಿಟ್ರೆ ಕೀವು ಇಳಿದು ತಿರುಪೂ ಹೋಗುತ್ತೆ, ಮೂಳೆನೂ ಹೋಗುತ್ತೆ."

ಎಂಟು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನು ತನ್ನನ್ನು ಕಾರ್ಖಾನೆಯ ಆ ಮೇಜಿನ ಈಚೆಯಿಂದ ನೋಡಿಬಿಟ್ಟ: ಕೆನ್ನೆ ಊದಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು, ಎಂಟು ಎನ್ನಲು ಹೊರಟ ಒಬ್ಬ ಗಂಡಸು. ಇಂಥ ಎಷ್ಟು ಮಂದಿಯನ್ನು ಅವನು ನೋಡಿಲ್ಲ!

"ನಾಲ್ಕು," ಅಂದ.

"ಖಂಡಿತಾ?"

"ಮೂರೂವರೆ ಅಂದ್ರೂ ನಡೆಯುತ್ತೆ."

ಅವಳಿಗೆ ನಗು ಬಂತು. "ನಿಮ್ಮಂಥ ಪೇಷೆಂಟ್ ಸಿಗೋದು ಅಪರೂಪ." ಮಾತ್ರೆ ಬರೆದು, ಮೂರು ವಾರ ಬಿಟ್ಟು ಬನ್ನಿ ಎಂದಳು.

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಮಗಳ ಕೈ ಬಿಗಿಯಾಗಿ ಹಿಡಿದು, ಒಳಗೆ ಬರಲೊಲ್ಲೆ ಎಂದು ಹಟ ಹಿಡಿದಿದ್ದಳು.

"ಸರ್, ಇವರಿಗೂ ಇವತ್ತು ತಿರುಪು ಕೂರಿಸಬೇಕು," ವೈದ್ಯೆ ಅವನ ಹಿಂದೆಯೇ ಬಂದಳು. "ನೀವೊಂದು ಮಾತು ಹೇಳಿ."

"ನೋವಾಗುತ್ತೇನಪ್ಪ?" ಅಜ್ಜಿ ಕೇಳಿದಳು. "ನಿಜ ಹೇಳು. ಡಾಕ್ಟ್ರು ಹೇಳೋದು ಬೇರೆ, ಅನುಭವಿಸಿದೋರು ಹೇಳೋದು ಬೇರೆ."

ವೈದ್ಯೆ ಪಕ್ಕದಲ್ಲೇ ನಿಂತಿದ್ದಳು. ಈಗಲೂ ಹೇಳಬಹುದಿತ್ತು.

"ಏನೂ ಆಗಲ್ಲಮ್ಮ."

ಅಜ್ಜಿ ಮಗಳ ಕೈ ಬಿಟ್ಟು ಅವನ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ, ಅವನೂ ಒಳಗೆ ಹೋಗಬೇಕಾಯಿತು. ಅವಳು ಕುರ್ಚಿಯಲ್ಲಿ ಒರಗಿದಳು. ದೀಪ ಅವಳ ಮುಖದ ಹತ್ತಿರಕ್ಕೆ ಇಳಿಯಿತು. ಬಾಯಿ ತೆಗೆಯಿರಿ ಎಂದಾಗ ಅಜ್ಜಿ ಮಗುವಿನ ಹಾಗೆ ತೆಗೆದಳು. ಅವಳ ಕಣ್ಣು ಸೂಜಿಯ ಮೇಲಿರಲಿಲ್ಲ, ಇವನ ಮೇಲಿತ್ತು.

ಅವನ ಬಾಯಲ್ಲಿ ಬೆಚ್ಚಗೆ, ಉಪ್ಪುಪ್ಪಾಗಿ ಏನೋ ತುಂಬಿಕೊಳ್ಳುತ್ತಿತ್ತು. ಉಗುಳುವ ಬೋಗುಣಿ ಕುರ್ಚಿಯ ಆಚೆ ಬದಿಗಿತ್ತು. ಅವನು ತುಟಿ ಬಿಚ್ಚದೆ ಅಜ್ಜಿಯತ್ತ ನಕ್ಕ, ನುಂಗಿದ. ಅದು ಮತ್ತೆ ತುಂಬಿಕೊಂಡಿತು.