ಮಡಿಕೇರಿಯವರೆಗೆ

"ಇದೇಯಾ ಕಾವೇರಮ್ಮ?" ಎಂದು ಚಿಕ್ಕಬೀರಮ್ಮ ಮೋಟಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಊಂ, ಇದೇಯ. ತಲೆ ಒಳೀಕೆ ಎಳ್ಕೊ," ಎಂದ ಅವಳ ಗಂಡ ಸಣ್ಣಬೀರಯ್ಯ, ನದಿಯ ಕಡೆ ನೋಡದೆ.

ಮೋಟಾರು ಫ್ರೇಸರ್‌ಪೇಟೆಯ ಸೇತುವೆಯ ಬಳಿ ನಿಂತಿತ್ತು. ಈಚೆ ದಡ ಮಹಾರಾಜರ ಸೀಮೆ, ಆಚೆ ದಡ ಇಂಗ್ಲಿಷರ ಕೊಡಗು. ಡ್ರೈವರು ಡಬ್ಬದಲ್ಲಿ ನೀರು ತಂದು ಇಂಜಿನ್ನಿಗೆ ಹೊಯ್ಯುತ್ತಿದ್ದ. ಕೆಳಗೆ ಮೆಟ್ಟಿಲ ಹತ್ತಿರ ಯಾರೋ ಎಮ್ಮೆಯ ಮೈ ತಿಕ್ಕುತ್ತಿದ್ದರು.

"ಇಲ್ಲೇ ಒಂದು ಮುಳುಕು ಆಕ್ಬುಡು. ಇದೂ ಅದೇ ನೀರು ತಾನೆ? ಬೈಗೊತ್ಗೆ ಊರು ಸೇರ್ಕೋಬೋದು," ಎಂದ ಬೀರಯ್ಯ.

"ಉಟ್ಟೋ ಜಾಗ ಬುಟ್ಟು ಎಮ್ಮೆ ತೊಳಿಯೋ ತಾವು ಮುಳುಗ್ಲಾ? ಅವ್ವ ಮೆಚ್ತಾಳಾ?"

ಚಿಕ್ಕಬೀರಮ್ಮನ ತಾಯಿ ಹೋದ ವರ್ಷ ತೀರಿಕೊಂಡಿದ್ದಳು. ತಲಕಾವೇರಿ ನೋಡಬೇಕು ಎಂದು ಕಡೆಯವರೆಗೂ ಹಂಬಲಿಸಿದ ಮುದುಕಿ. ನೋಡಲು ಆಗಲಿಲ್ಲ, ಅಳಿಯ ಅಲ್ಲಿಂದ ತಂದಿದ್ದ ತೀರ್ಥವನ್ನು ಕೊನೆಗಳಿಗೆಯಲ್ಲಿ ಬಾಯಿಗೆ ಬಿಟ್ಟಿದ್ದರು. ಈಗ ವರ್ಷದ ಕಾರ್ಯ ಮುಗಿದಿತ್ತು, ರಾಗಿ ಒಕ್ಕಣೆಯೂ ಮುಗಿದಿತ್ತು. ಕಾವೇರಿ ಹುಟ್ಟುವಲ್ಲಿ ಅವ್ವನ ಹೆಸರಿನಲ್ಲಿ ಒಂದು ಮುಳುಕು ಹಾಕಿಯೇ ತೀರುತ್ತೇನೆ ಎಂದು ಮಗಳು ಹಟ ಹಿಡಿದಿದ್ದಳು. ಏಳು ವರ್ಷದಿಂದ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರುವ ಗಂಡನಿರುವಾಗ ದಾರಿಯ ಚಿಂತೆ ಅವಳಿಗೇಕೆ?

ಚಿಂತೆ ಇದ್ದದ್ದು ಗಂಡನಿಗೆ. ಸಣ್ಣಬೀರಯ್ಯ ತಲಕಾವೇರಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಮೊದಲ ವರ್ಷ ಹೊರಟಿದ್ದೇನೋ ಅಲ್ಲಿಗೇ. ಮಡಿಕೇರಿಯಿಂದ ಮುಂದೆ ಮಳೆಗೆ ರಸ್ತೆ ಕುಸಿದು ಮೋಟಾರು ಹೋಗಲಿಲ್ಲ. ಎರಡು ದಿನ ಕಾಯಬೇಕಾಯಿತು. ಹೊತ್ತು ಹೋಗದೆ ರಾಜಾಸೀಟಿನ ತೋಟಕ್ಕೆ ಹೋಗಿ ಕುಳಿತ. ಮುಂದೆ ಬೆಟ್ಟದ ಹಿಂದೆ ಬೆಟ್ಟ, ಕೆಳಗೆ ಮಂಜು. ತನ್ನೂರು ಬೆಟ್ಟದಪುರದಲ್ಲಿ ಅವನು ನಾಲ್ಕು ಜನ ತಮ್ಮಂದಿರ ಅಣ್ಣ, ಹತ್ತು ಜಗಳಗಳ ಪಂಚಾಯಿತಿದಾರ. ಎತ್ತಿಗೆ ಜ್ವರ ಬಂದರೂ ಬೀರಣ್ಣ, ಸೊಸೆ ಮುನಿದರೂ ಬೀರಣ್ಣ. ಇಲ್ಲಿ ಅವನನ್ನು ಕರೆಯುವ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟು ಸುಖವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ರಸ್ತೆ ಸರಿಯಾಯಿತು ಎಂದು ಮೂರನೆಯ ದಿನ ಯಾರೋ ಹೇಳಿದಾಗ ಅವನಿಗೆ ಬೇಸರವೇ ಆಯಿತು. ಊರಿನ ಮೋಟಾರು ಹತ್ತಿದ. ಬರಿಗೈಯಲ್ಲಿ ಹೋಗಬಾರದೆಂದು ಫ್ರೇಸರ್‌ಪೇಟೆಯಲ್ಲಿ ಇಳಿದು ಗಿಂಡಿಗೆ ನೀರು ತುಂಬಿಕೊಂಡ.

ನಿಜ ಹೇಳಿಬಿಡಬೇಕು ಎಂದೇ ಇದ್ದ. ಆದರೆ ಕ್ಷೇತ್ರಕ್ಕೆ ಹೋಗಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಮಾತಾಡಿಸುವ ಮೊದಲು ಕಾಲು ತೊಳೆದು ಒಳಗೆ ಕರೆಯುವುದು ಊರಿನ ಪದ್ಧತಿ. ಹೆಂಡತಿ ತೊಳೆದಳು, ತಮ್ಮಂದಿರು ಕಾಲಿಗೆ ಬಿದ್ದರು, ಬೀದಿಯ ಹೆಂಗಸರು ತೀರ್ಥಕ್ಕೆ ಲೋಟ ಹಿಡಿದು ನಿಂತರು. ಆ ಮೇಲೆ ಬಾಯಿ ತೆರೆಯುವುದು ಹೇಗೆ? ಮದುವೆ, ಮಸಣ, ಕೋರ್ಟು, ದೇವರು, ಈ ನಾಲ್ಕಕ್ಕಲ್ಲದೆ ಊರು ಬಿಟ್ಟವನನ್ನು ಬೆಟ್ಟದಪುರದವರು ಮನುಷ್ಯನೆಂದು ಎಣಿಸುತ್ತಿರಲಿಲ್ಲ. ಸುಮ್ಮನೆ ಊರು ನೋಡಲು ಹೋಗಿದ್ದೆ ಎಂದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಮರುವರ್ಷ ಅವನು ನೇರವಾಗಿ ಮಡಿಕೇರಿಗೇ ಹೋದ. ಅದರ ಮರುವರ್ಷವೂ ಹೋದ. ಅತ್ತೆಯ ಬಾಯಿಗೆ ಆ ನೀರು ಬಿಟ್ಟ ದಿನದಿಂದ ಮಾತ್ರ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು.

ಮಡಿಕೇರಿಯಲ್ಲಿ ಇಳಿದಾಗ ನಡುಮಧ್ಯಾಹ್ನ. ಬೀರಯ್ಯ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದ. ಅವಳಿಗೆ ಕೇಳಿಸದ ಹಾಗೆ ಮುಂದಿನ ಮೋಟಾರು ವಿಚಾರಿಸಿಕೊಂಡರೆ, ಅಲ್ಲಿಂದಾಚೆ ನಾಲ್ಕು ಜನ ಹೋದ ಕಡೆ ಹೋದರಾಯಿತು. ಹೆಂಡತಿಯನ್ನು ಮರದ ನೆರಳಲ್ಲಿ ಕೂರಿಸಿ, "ಇಲ್ಲೇ ಇರು, ಬತ್ತೀನಿ" ಎಂದು ಹೋದ. ತಲಕಾವೇರಿ ಬೆಟ್ಟದ ಬುಡದ ಭಾಗಮಂಡಲಕ್ಕೆ ಮೋಟಾರು ನಾಳಿದ್ದು ಎಂದರು. ಅಷ್ಟು ತಿಳಿದುಕೊಂಡು ತಿರುಗಿ ಬರುವ ಹೊತ್ತಿಗೆ ಚಿಕ್ಕಬೀರಮ್ಮನ ಮುಂದೆ ಕಿತ್ತಳೆ ಮಾರುವ ಅಹಮದ್ ಪಾಷಾ ಬುಟ್ಟಿ ಇಳಿಸಿ ಕೂತಿದ್ದ. ಹುಣಸೂರಿನ ಕಡೆಯವನು, ಮಾತು ಜಾಸ್ತಿ.

"ಬನ್ನಿ ಬೀರಯ್ಯನೋರೆ! ನಿಮ್ ಜೊತೇಲಿ ಇಳಿದಿದ್ ನೋಡ್ದೆ, ಅಮ್ಮಾವ್ರು ಅಂತ ಗೊತ್ತಾಯ್ತು. ನಿಮ್ ಇಸ್ಯಾನೇ ಯೋಳ್ತಿದ್ದೆ. ಏಳು ವರ್ಸ ಆಯ್ತಲ್ಲಾ? ಬೆಳಿಗ್ಗೆ ರಾಜಾಸೀಟಲ್ಲಿ ಕೂತ್ರೆ ಸಂಜೆಗಂಟ ಏಳಾಕಿಲ್ಲ. ಇಷ್ಟ್ ದೂರ ಬಂದಿದೀರಿ, ಒಂದ್ಸಲ ತಲಕಾವೇರೀನೂ ನೋಡ್ಕೊಂಡ್ ಬನ್ನಿ ಅಂತ ನಾನೂ ವರ್ಸಾವರ್ಸ ಬಡ್ಕೊತೀನಿ. ಈ ವರ್ಸ ಅಮ್ಮಾವ್ರು ಕರ್ಕೊಂಡ್ ಒಂಟವ್ರೆ!"

ಪಾಷಾ ನಕ್ಕ. ಅವನ ತಪ್ಪೇನೂ ಇರಲಿಲ್ಲ. ಎರಡು ಹಣ್ಣು ಚಿಕ್ಕಬೀರಮ್ಮನ ಮಡಿಲಿಗೆ ಹಾಕಿ, ಬುಟ್ಟಿ ಹೊತ್ತು ಮುಂದಿನ ಮೋಟಾರಿನ ಕಡೆ ಹೋದ.

ಅವಳು ಅಳುತ್ತಾಳೆ, ಇಲ್ಲವೇ ಬೀದಿಯಲ್ಲೇ ಬಯ್ಯುತ್ತಾಳೆ ಎಂದುಕೊಂಡ ಬೀರಯ್ಯ. ಎರಡೂ ಆಗಲಿಲ್ಲ.

"ಆ ಜಾಗ ತೋರ್ಸಿ," ಎಂದಳು.

ತೋರಿಸಿದ. ತೋಟದಲ್ಲಿ ಇಬ್ಬರು ದೊರೆಸಾನಿಯರು ಕೊಡೆ ಹಿಡಿದು ಅಡ್ಡಾಡುತ್ತಿದ್ದರು. ಕಲ್ಲುಬೆಂಚಿನ ಒಂದು ಕೊನೆಗೆ ಚಿಕ್ಕಬೀರಮ್ಮ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಳು. ಬೀರಯ್ಯ ನಿಂತೇ ಇದ್ದ. ಮಂಜು ಕರಗಿ, ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗಿ ನಿಂತಿದ್ದವು. ಅವಳು ನೋಡಿದಳು. ಬೇಗ ಬೇಗ ನೋಡಲಿಲ್ಲ. ಅವನು ಏಳು ವರ್ಷದಲ್ಲಿ ನೋಡಿದ್ದನ್ನೆಲ್ಲ ಒಂದೇ ಸಲ ನೋಡುವವಳ ಹಾಗೆ ನೋಡಿದಳು. ಅವಳಿಗೂ ಹಿಡಿಸಿತೋ ಏನೋ ಎಂದು ಬೀರಯ್ಯನಿಗೆ ಒಂದು ಆಸೆ ಹುಟ್ಟಿತು.

"ಚೆನ್ನಾಗದೆ ಅಲ್ವಾ?" ಎಂದ.

"ಚೆನ್ನಾಗದೆ," ಎಂದಳು. ಬೆಟ್ಟದ ಕಡೆಯಿಂದ ಮುಖ ತಿರುಗಿಸದೆ ಕೇಳಿದಳು, "ಅವ್ವನ ಬಾಯ್ಗೆ ಬುಟ್ಟಿದ್ದು ಯಾವ ನೀರು?"

"ಕಾವೇರಿದೇ ಕಣಮ್ಮಿ. ನನ್ನಾಣೆ."

"ಎಲ್ಲೀದು?"

ಅವನು ನೆಲ ನೋಡಿದ. "ಸೇತ್ವೆ ತಾವ್ದು."

ಚಿಕ್ಕಬೀರಮ್ಮ ಕಣ್ಣು ಮುಚ್ಚಿಕೊಂಡಳು. ಬಯ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಬೀರಯ್ಯನಿಗೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

"ಬಾಯಿ ಕಳೆದು ಕಾಯ್ಕೊಂಡಿದ್ಲು," ಎಂದಳು ಕೊನೆಗೆ. "ನುಂಗಿ, 'ನನ್ನಳಿಯ ತಂದ' ಅಂದ್ಲು."

ಅಷ್ಟೇ. ಎದ್ದಳು. ರಸ್ತೆಗೆ ಬಂದು, ಸೌದೆ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, ಭಾಗಮಂಡಲಕ್ಕೆ ದಾರಿ ಯಾವುದು ಎಂದು ಕೇಳಿದಳು. ಗಂಡ ಪಕ್ಕದಲ್ಲೇ ನಿಂತಿದ್ದ. ಸೌದೆಯವಳು ಗಲ್ಲದಿಂದಲೇ ಬಲಕ್ಕೆ ತೋರಿಸಿದಳು.

"ಮೋಟಾರು ನಾಳಿದ್ದು ಕಣಮ್ಮಿ," ಎಂದ ಬೀರಯ್ಯ.

"ಮೋಟಾರು ಬ್ಯಾಡ."

"ನಡೆದ್ರೆ ಎರಡು ದಿನದ ದಾರಿ."

"ಆಗ್ಲಿ."

ಗಂಟನ್ನು ತಲೆಗೆ ಏರಿಸಿಕೊಂಡು ಹೊರಟಳು. ಮದುವೆಯಾದಾಗಿನಿಂದ ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಇವತ್ತು ಅವಳು ಹಿಂದೆ ಯಾರಾದರೂ ಬರುತ್ತಾರೋ ಇಲ್ಲವೋ ಎಂದು ನೋಡಲಿಲ್ಲ. ಬೀರಯ್ಯ ಒಂದು ಗಳಿಗೆ ನಿಂತಿದ್ದು, ಬಗ್ಗಿ, ಹರಕೆ ಹೊತ್ತವನ ಹಾಗೆ ಕಾಲಿನ ಕೆರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಜಲ್ಲಿ ಹಾಸಿದ ರಸ್ತೆ ಅಂಗಾಲನ್ನು ಚುಚ್ಚಿತು.

ಮೊದಲ ತಿರುವಿನಲ್ಲಿ ಚಿಕ್ಕಬೀರಮ್ಮ ನಿಂತಳು. ತನಗಾಗಿ ನಿಂತಳೆಂದು ಅವನು ಕುಂಟುತ್ತ ಬೇಗ ಬೇಗ ಹೆಜ್ಜೆ ಹಾಕಿದ. ಅವಳು ಸೀರೆಯ ನಿರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ನಡೆದಳು.